ಹೆಸರು ಬರೆದಿಟ್ಟ ಆ್ಯಪ್ ಯಾವುದು?

ಎಲ್ಲವನ್ನೂ ನೆನಪಿಟ್ಟುಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವಕ್ಕಿಂತ ಸಂಶಯವೇ ಹೆಚ್ಚು. ಗ್ಯಾಸ್ ಬುಕ್ ಮಾಡುವುದೂ ನೆನಪಿದೆ, ನೆಗೆಣ್ಣಿಯ ಮಗನ ಹುಟ್ಟುಹಬ್ಬವೂ ನೆನಪಿದೆ ಎಂದರೆ ಇವರ ತಲೆಯಲ್ಲಿ ಬೇರೆ ಯೋಚನೆಗಳಿಗೆ ಜಾಗ ಎಲ್ಲಿಯದು ಎಂದು ಕೇಳಬೇಕೆನಿಸುತ್ತದೆ. ಈ ತತ್ತ್ವವನ್ನು ಮನೆಯಲ್ಲಿ ಹಲವು ಸಲ ಮಂಡಿಸಿದ್ದೇನೆ. ನಮ್ಮ ಯಜಮಾನರು ತಾಳ್ಮೆಯಿಂದ ಕೇಳಿ, "ಅದೆಲ್ಲ ಖರೆ ಅದ. ಒಲಿ ಮ್ಯಾಲ ಹಾಲು ಇಟ್ಟೀಯಲ್ಲ, ಅದಕ್ಕೇನ್ ಅಂತಿ?" ಎನ್ನುತ್ತಾರೆ. ಅಷ್ಟರಲ್ಲಿ ಹಾಲು ತನ್ನ ಅಭಿಪ್ರಾಯವನ್ನು ಒಲೆಯ ಮೇಲೆಲ್ಲ ಹರಡಿರುತ್ತದೆ.

ನಾನು ಆಳಂದದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಒಮ್ಮೆ ಒಂಬತ್ತನೇ ತರಗತಿಗೆ ಹೋಗಿ ಹತ್ತನೆಯವರ ಪಾಠವನ್ನು ಗಂಟೆ ಹೊಡೆಯುವವರೆಗೂ ಮಾಡಿಬಂದೆ. ಮಕ್ಕಳು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಹೋಂವರ್ಕ್ ಕೊಟ್ಟಾಳು ಎಂಬ ಭಯ. ಗಣಿತದ ಪಾಟೀಲ ಸರ್ ಅಂದೇ ಸಲಹೆ ಕೊಟ್ಟರು: "ಟೀಚರ್, ನೋಟ್ಸಿನ ಆ್ಯಪ್ ಒಂದು ಹಾಕ್ಕೋರಿ. ಅದ ಎಲ್ಲ ನೆನಪಿಡ್ತದ, ನೀವು ಆರಾಮ ಇರ್ರಿ."

ಒಂದು ಹಾಕಿಕೊಂಡಿದ್ದರೆ ಆರಾಮವಾಗಿಯೇ ಇರುತ್ತಿದ್ದೆನೇನೋ. ಆದರೆ ಕಲ್ಲಂಗಡಿಯನ್ನೂ ನಾಲ್ಕು ತಟ್ಟಿ ನೋಡದೆ ಕೊಳ್ಳದ ಜಾತಿ ನನ್ನದು. ಮೊದಲಿನ ಆ್ಯಪ್‌ನಲ್ಲಿ ಬಣ್ಣಬಣ್ಣದ ಚೀಟಿಗಳಿದ್ದವು. ಮನೆಗೆ ಹಳದಿಯೋ ಶಾಲೆಗೆ ಹಳದಿಯೋ ಎಂದು ಯೋಚಿಸುತ್ತ ಒಂದು ಭಾನುವಾರ ಕಳೆದೆ. ಇನ್ನೊಂದು, ತೆರೆದ ಕೂಡಲೇ, ನಿಮ್ಮ ಗುರಿಯೇನು ಎಂದು ಕೇಳಿತು. ಒಲೆಯ ಮುಂದೆ ನಿಂತಿದ್ದೆ, "ಕುಸುಬಿ ಎಣ್ಣೆ ತರುವುದು" ಎಂದು ಬರೆದೆ. ಅಂದಿನಿಂದ ದಿನಾ ಬೆಳಿಗ್ಗೆ ಅದು, ಕುಗ್ಗಬೇಡಿ, ನಿಮ್ಮ ಕನಸು ದೂರವಿಲ್ಲ ಎಂದು ಹುರಿದುಂಬಿಸತೊಡಗಿತು. ಮತ್ತೊಂದಕ್ಕೆ ಬಾಯಿಂದ ಹೇಳಿದರೆ ಸಾಕು, ತಾನೇ ಬರೆದುಕೊಳ್ಳುತ್ತಿತ್ತು. ನಾನು "ಶೇಂಗಾ ಹುರೀಬೇಕು" ಎಂದೆ. ಅದು "ಶಂಕರ ಊರಿಗೆ ಬೇಕು" ಎಂದು ಬರೆಯಿತು. ಯಜಮಾನರು ಅದನ್ನು ಓದಿ, "ಯಾರ ಆಂವ ಶಂಕರ?" ಎಂದು ಕೇಳಿದ್ದಕ್ಕೆ, ಹುರಿದ ಶೇಂಗಾವನ್ನೇ ತಟ್ಟೆಗೆ ಹಾಕಿ ತೋರಿಸಬೇಕಾಯಿತು.

ಹೀಗೆ ಮೂರನ್ನೂ ಪರೀಕ್ಷೆಗಿಟ್ಟಿದ್ದಾಗಲೇ ತವರೂರು ನೆಲೋಗಿಯಿಂದ ತಮ್ಮ ಮಲ್ಲುವಿನ ಫೋನ್ ಬಂತು. ಅವನಿಗೆ ಹೆಣ್ಣುಮಗು ಹುಟ್ಟಿತ್ತು, ತೊಟ್ಟಿಲ ಕಾರ್ಯಕ್ರಮ ನಿಗದಿಯಾಗಿತ್ತು. ಆದರೆ ಹೆಸರಿನ ವಿಷಯದಲ್ಲಿ ಮನೆ ಒಡೆದಿತ್ತು. ಅವ್ವ ತನ್ನ ಅತ್ತೆಯ ಹೆಸರು ಗುರುಬಸಮ್ಮ ಎಂದೇ ಇಡಬೇಕೆನ್ನುತ್ತಿದ್ದಳು. ಮಲ್ಲುವಿನ ಹೆಂಡತಿ ಭಾಗ್ಯಶ್ರೀಗೆ ಶಾಲೆಯಲ್ಲಿ ಕೂಗಿದರೆ ಚೆಂದ ಕೇಳಿಸುವ ಸಣ್ಣ ಹೆಸರು ಬೇಕಿತ್ತು. ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಏನಾದರೂ ಹೇಳುವುದಿದ್ದರೆ ಇಬ್ಬರೂ ಮಗುವಿಗೆ ಹೇಳುತ್ತಿದ್ದರಂತೆ. "ನಿಮ್ಮವ್ವಗ ಉಣ್ಣಾಕ ಬಾ ಅನ್ನು" ಎಂದು ಅವ್ವ. "ನಿಮ್ಮಜ್ಜಿಗೆ ನನಗ ಹಸಿವಿಲ್ಲ ಅನ್ನು" ಎಂದು ಭಾಗ್ಯಶ್ರೀ. ಮಗು ಇಬ್ಬರಿಗೂ ಅಳುವಿನಲ್ಲೇ ಉತ್ತರಿಸುತ್ತಿತ್ತು.

"ಅಕ್ಕಾ, ನಾನ ಒಂದು ಹೆಸರು ತೆಗದೇನಿ, ಇಬ್ಬರಿಗೂ ಒಪ್ಪುವಂಥಾದ್ದು," ಎಂದ ಮಲ್ಲು. "ಮೊದಲ ಹೇಳಿದರ ಇಬ್ಬರೂ ಕೂಡಿ ಬ್ಯಾಡ ಅಂತಾರ. ಸೋದರತ್ತಿ ನೀನು. ನೀ ಕಿವ್ಯಾಗ ಹೇಳಿಬಿಟ್ಟರ ಮುಗೀತು, ಯಾರೂ ತಿರುಗಿ ಮಾತಾಡಂಗಿಲ್ಲ. ಮರೀಬ್ಯಾಡ ಮತ್ತ."

"ಮರ್ಯಾಕ ನಾ ಏನ್ ಮೊದಲಿನ ಶಕುಂತಲಾ ಅಂತ ತಿಳದೀಯೇನು?" ಎಂದು ನಕ್ಕು, ಅವನು ಹೇಳಿದ ಹೆಸರನ್ನು ಒಂದು ಆ್ಯಪ್‌ನಲ್ಲಿ ಬರೆದಿಟ್ಟೆ. ಬರೆದಿಟ್ಟ ಮೇಲೆ ನೆನಪಿಡುವ ಹೊಣೆ ನನ್ನದಲ್ಲವಲ್ಲ. ನಿಶ್ಚಿಂತೆಯಿಂದ ಮರೆತೆ.

ಕಾರ್ಯಕ್ರಮದ ದಿನ ಕಲಬುರಗಿ, ಜೇವರ್ಗಿ ದಾಟಿ ನೆಲೋಗಿ ತಲುಪಿದಾಗ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಹೆಸರನ್ನೊಮ್ಮೆ ನೋಡಿಕೊಳ್ಳೋಣವೆಂದು ಫೋನ್ ತೆಗೆದೆ. ಬಣ್ಣದ ಚೀಟಿಗಳಲ್ಲಿ ಕೊತ್ತಂಬರಿ ಇತ್ತು, ಹೆಸರಿರಲಿಲ್ಲ. ಮಾತು ಕೇಳುವ ಆ್ಯಪ್‌ನಲ್ಲಿ ಶಂಕರನೊಬ್ಬನೇ ಇದ್ದ. ಗುರಿ ಕೇಳಿದ ಆ್ಯಪ್ ಪಾಸ್‌ವರ್ಡ್ ಕೇಳಿತು. ಮೂರು ಪಾಸ್‌ವರ್ಡ್ ಹಾಕಿ ನೋಡಿದೆ. ನಿಮ್ಮ ಸುರಕ್ಷತೆಗಾಗಿ ಖಾತೆಯನ್ನು ತಾತ್ಕಾಲಿಕವಾಗಿ ಮುಚ್ಚಿದ್ದೇವೆ ಎಂದಿತು. ಮಲ್ಲುವನ್ನೇ ಕೇಳೋಣವೆಂದರೆ ಅವನು ಮಜ್ಜಿಗೆಗೆ ಐಸ್ ತರಲು ಜೇವರ್ಗಿಗೆ ಹೋಗಿದ್ದ. ಫೋನ್ ಮಾಡಿದೆ. ಅವನ ಫೋನ್ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ, ಚಾರ್ಜಿಗೆ ಹಾಕಿದ್ದಲ್ಲೇ ಹಾಡಿತು.

"ಏ ಶಕ್ಕೂ, ಹೊತ್ತಾತು, ಬಾ ಇಲ್ಲಿ," ಎಂದು ಅವ್ವ ಕರೆದಳು.

ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಶಾಸ್ತ್ರಕ್ಕೆ ಮೆಲ್ಲಗೆ ಗುದ್ದಿದರೆ ಸಾಕು, ಆದರೆ ವರ್ಷಗಟ್ಟಲೆ ಕೂಡಿಟ್ಟದ್ದನ್ನು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಶಾಸ್ತ್ರ ಬೇರೊಂದಿಲ್ಲ. ನಾನು ಬಗ್ಗಿದೆ. ಕುರ್ರ್ ಎಂದೆ. ಹೆಸರು ಬರಲಿಲ್ಲ. ಮತ್ತೆ ಕುರ್ರ್ ಎಂದೆ. ಒಂದು ಕಡೆ ಅವ್ವನ ಗುದ್ದು, ಒಂದು ಕಡೆ ಭಾಗ್ಯಶ್ರೀಯ ತಾಯಿಯದು. "ಜಲ್ದಿ ಹೇಳ್ರಿ, ಕೂಸು ಎಷ್ಟೊತ್ತು ಕಾಯಬೇಕು?" ಎಂದು ಯಾರೋ ನಕ್ಕರು. ಮಗು ನನ್ನನ್ನೇ ನೋಡುತ್ತಿತ್ತು. ನಾನು ಏನು ಹೇಳುತ್ತೇನೋ ಅದನ್ನು ಹೊತ್ತುಕೊಂಡು ಈ ಜೀವ ಬದುಕಿಡೀ ತಿರುಗಬೇಕಲ್ಲ ಎನಿಸಿತು. ಅಷ್ಟರಲ್ಲಿ ಅವ್ವನ ಗುದ್ದೊಂದು ಸರಿಯಾಗಿ ಬಿತ್ತು. "ಶಿವನೇ" ಎಂದು ನರಳಿದೆ.

"ಏನಂದ್ರಿ? ಶಿವಾನಿ ಅಂದ್ರಿ?" ಎಂದಳು ಭಾಗ್ಯಶ್ರೀ. ಅವಳ ಮುಖ ಅರಳಿತು. "ಎಷ್ಟ್ ಚೆಂದ ಅದ ಅಕ್ಕಾರ."

ಅವ್ವ ಕೈ ಮುಗಿದಳು. "ಶಿವನ ಹೆಸರು ಬಂತಲ್ಲ, ಇನ್ನೇನು ಬೇಕು," ಎಂದು, ಎಷ್ಟೋ ದಿನಗಳ ಮೇಲೆ ಸೊಸೆಯ ಕಡೆ ನೇರವಾಗಿ ತಿರುಗಿ, "ಸಕ್ಕರಿ ಹಂಚವಾ, ನಿಂತಿ ಯಾಕ?" ಎಂದಳು. ಭಾಗ್ಯಶ್ರೀ ಅತ್ತೆಯ ಬಾಯಿಗೇ ಮೊದಲ ಚಿಟಿಕೆ ಸಕ್ಕರೆ ಹಾಕಿದಳು. ನಾನು ತೊಟ್ಟಿಲು ಹಿಡಿದುಕೊಂಡು ಮೆಲ್ಲಗೆ ನೆಟ್ಟಗಾದೆ.

ಐಸ್ ಹೊತ್ತು ಬಂದ ಮಲ್ಲುವಿಗೆ ಓಣಿಯಲ್ಲೇ ಹೆಸರು ಗೊತ್ತಾಗಿತ್ತು. ನನ್ನನ್ನು ಪಡಸಾಲೆಯ ಮೂಲೆಗೆ ಕರೆದ. ತಪ್ಪೊಪ್ಪಿಕೊಳ್ಳಲು ಗಂಟಲು ಸರಿಮಾಡಿಕೊಂಡೆ.

"ಅಕ್ಕಾ, ನಾ ಹೇಳಿದ್ದು ಇದ ಹೌದಲ್ಲ?" ಎಂದ ಅವನು, ತಗ್ಗಿದ ದನಿಯಲ್ಲಿ. "ಹತ್ತಾರು ಹೆಸರು ನೋಡಿ ನೋಡಿ ನನಗ ನೆನಪ ಹಾರಿಬಿಟ್ಟದ. ನೀ ಬರದಿಟ್ಟೀದಿ ಅಂತ ಧೈರ್ಯದಿಂದ ಇದ್ದೆ."

"ಇದ," ಎಂದೆ.

ಊರಿಗೆ ಹೊರಡುವಾಗ ಭಾಗ್ಯಶ್ರೀ ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು. "ಅಕ್ಕಾರ, ಕೂಸಿಗೆ ಲಸಿಕಿ ಸೂಜಿ ಹಾಕ್ಸೋ ದಿನ ಎಲ್ಲ ನೆನಪಿಡಬೇಕು. ನೀವು ಎಲ್ಲಾ ನೀಟಾಗಿ ಬರದಿಡ್ತೀರಂತ, ಇವರು ಹೇಳಿದರು. ಯಾವ ಆ್ಯಪ್ ಚಲೋ ಅದ ಹೇಳ್ರಿ." ನಾನು ಬಸ್ ಬರುವವರೆಗೂ ನಿಂತು, ಮೂರರ ಗುಣಾವಗುಣಗಳನ್ನು ತೂಗಿ, ಒಂದನ್ನು ಗಂಭೀರವಾಗಿ ಶಿಫಾರಸು ಮಾಡಿದೆ. ಅವಳು ಅದನ್ನೇ ಹಾಕಿಕೊಂಡಳು. ಈಗ ಮಗುವಿನ ಸೂಜಿಯ ಜೊತೆಗೆ, ನಾನು ಹೇಳಿ ಬರೆಸಿದ ಶಾಲೆಯ ಮೀಟಿಂಗು, ಗ್ಯಾಸು, ಯಜಮಾನರ ಬಿಪಿ ಗುಳಿಗೆ ಎಲ್ಲವನ್ನೂ ನೆಲೋಗಿಯಿಂದ ಅವಳೇ ಫೋನ್ ಮಾಡಿ ನೆನಪಿಸುತ್ತಾಳೆ. ನಾನು ಆರಾಮ ಇದ್ದೇನೆ. ನೋಟ್ಸಿನ ಆ್ಯಪ್ ಆರಿಸುವ ಬಗ್ಗೆ ಯಾರಿಗಾದರೂ ಸಲಹೆ ಬೇಕಿದ್ದರೆ, ಸಂಕೋಚವಿಲ್ಲದೆ ಕೇಳಬಹುದು.