ಹೊನ್ನಾಳಿಯ ತೇವ, ಜಗಳೂರಿನ ಗಾಳಿ

ನಾನು ಹೊನ್ನಾಳಿಯಲ್ಲಿ ಪತ್ರಿಕೆಗೆ ವರದಿ ಬರೆಯುವವನು. ಖಚಿತವಾಗದ ಸುದ್ದಿಯನ್ನು ಈವರೆಗೆ ಕಳಿಸಿದವನಲ್ಲ. ಆದ್ದರಿಂದ, ಹೆಂಡತಿಯ ಹೊಟ್ಟೆಯ ಮೇಲೆ ಮೂಡಿದ ಗೆರೆಗಳಿಗೆ ಕಾರಣ ಹುಡುಕುವುದು ನನಗೇನು ಮಹಾ ಎಂದುಕೊಂಡಿದ್ದೆ.

ಶೋಭಾಗೆ ಆಗ ಏಳನೇ ತಿಂಗಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಿಟಕಿಯ ಬಳಿ ಮಲಗಿ, ಕಣ್ಣು ಅರೆಮುಚ್ಚಿ, ಆ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು. ನೀರು ಇಳಿದ ಮೇಲೆ ತುಂಗಭದ್ರೆ ಮರಳಿನಲ್ಲಿ ಬಿಟ್ಟುಹೋಗುವ ಗುರುತುಗಳಂತೆ ಅವು ಕವಲೊಡೆದಿದ್ದವು.

"ಇದ್ರಾಗೆ ಒಂದು ನಮ್ಮೂರಿನ ತನಕ ಹೋಗೈತೆ ನೋಡ್ರಿ," ಎಂದಳು ನಿದ್ದೆಗಣ್ಣಲ್ಲಿ.

ಅವಳ ಊರು ಜಗಳೂರು. ಕುಬುಸದ, ಅಂದರೆ ಸೀಮಂತದ, ಶಾಸ್ತ್ರ ಮುಗಿದೊಡನೆ ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವುದು ನಮ್ಮಲ್ಲಿ ಪದ್ಧತಿ. ಬಾಣಂತನ ಮುಗಿಯುವವರೆಗೆ ಮನೆಯಲ್ಲಿ ನಾನೊಬ್ಬನೇ! ಆ ಯೋಚನೆ ಬಂದಾಗಲೆಲ್ಲ ಕ್ಯಾಲೆಂಡರಿನ ಹಾಳೆ ಎಣಿಸುತ್ತಿದ್ದೆ.

ತಪಾಸಣೆಗೆ ಹೋದಾಗ ಡಾಕ್ಟರಮ್ಮ ಹೇಳಿದ್ದಿಷ್ಟು: "ಚರ್ಮ ಹಿಗ್ಗುತ್ತೆ, ಗೆರೆ ಬರ್ತವೆ. ತಾಯಿಗೆ ಬಂದಿದ್ರೆ ಮಗಳಿಗೂ ಬರೋದು ಜಾಸ್ತಿ. ಒಣ ಗಾಳಿಗೆ ತುರಿಕೆ ಹೆಚ್ಚಾಗ್ಬಹುದು, ಅಷ್ಟೇ."

ಯಾವ ವಾಕ್ಯ ತಲೆಬರಹವಾಗಬೇಕೆಂದು ಪತ್ರಕರ್ತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊನೆಯದನ್ನು ಎತ್ತಿಕೊಂಡೆ. "ಅಷ್ಟೇ" ಎಂಬುದನ್ನು ಸ್ಥಳಾಭಾವದಿಂದ ಕೈಬಿಟ್ಟೆ!

"ಜಗಳೂರಾಗೆ ಬರೀ ಒಣಗಾಳಿ," ಎಂದು ಮನೆಗೆ ಬಂದು ಪ್ರಕಟಿಸಿದೆ. "ನಿನ್ನ ಚರ್ಮಕ್ಕೆ ನಮ್ಮ ಹೊಳೆ ತೇವಾನೇ ಬೇಕು. ಹೆರಿಗೆ ಇಲ್ಲೇ ಆಗ್ಲಿ."

"ನಂಗೆ ಅವ್ವ ಬೇಕ್ರಿ," ಎಂದಳು ಶೋಭಾ. "ಅವ್ವನ ಕೈಲಿ ಎಣ್ಣೆ ಹಚ್ಚಿಸ್ಕೊಂಡು ಸುಮ್ನೆ ಮಲಗ್ಬೇಕು. ಗೆರೆ ಇದ್ರೆ ಇರ್ಲಿ ಬಿಡ್ರಿ."

"ಕುಬುಸದ ದಿನದೊಳಗೆ ಗೆರೆ ಮಾಸಿದ್ರೆ?"

"ಮಾಸಿದ್ರೆ ಇಲ್ಲೇ ಇರ್ತೀನಿ ತಗೊಳ್ರಿ!" ಎಂದು ನಕ್ಕಳು.

ಷರತ್ತು ಆಯಿತು. ತೊಂದರೆಯೆಂದರೆ, ಆ ಬಿಸಿಲಿನಲ್ಲಿ ಹೊನ್ನಾಳಿಯಲ್ಲೂ ತೇವವಿರಲಿಲ್ಲ. ಉತ್ಪಾದಿಸಬೇಕಾಯಿತು!

ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಚಾದರಗಳನ್ನು ಇಳಿಬಿಟ್ಟೆ. ಹಿಂದೆ ಫ್ಯಾನು. ಮಂಚದ ಸುತ್ತ ನೀರು ತುಂಬಿದ ಟಬ್ಬುಗಳು. ಬಾಗಿಲು ಭದ್ರ. ಚಾದರಗಳು ಹಾಯಿಗಳಂತೆ ಉಬ್ಬಿದವು, ನೀರಿನ ಬೆಳಕು ಸೂರಿನಲ್ಲಿ ಕುಣಿಯಿತು, ಮಂಚ ತೆಪ್ಪವಾಯಿತು. ನಾವಿಬ್ಬರೂ ಅದರಲ್ಲಿ ಮಲಗಿ ಎತ್ತಲೋ ತೇಲಿದೆವು. ಮೂರನೆಯ ಪ್ರಯಾಣಿಕರು ಒಳಗಿನಿಂದ ಆಗಾಗ ಒದ್ದು ಹಾಜರಿ ಹೇಳುತ್ತಿದ್ದರು.

"ರೀ... ಸೊಳ್ಳೆ," ಎಂದಳು ಶೋಭಾ.

ಸೊಳ್ಳೆ ಬಂದವು. ಗೆರೆ ಹೋಗಲಿಲ್ಲ.

ಕುಬುಸದ ಬೆಳಿಗ್ಗೆ ಅತ್ತೆ ಜಗಳೂರಿನಿಂದ ಬಂದಿಳಿದರು. ನೆರೆಯ ಹೆಂಗಸರು ಹಿಂದಿನ ದಿನ ಕರಿದ ಚಕ್ಕುಲಿ, ಕರ್ಜಿಕಾಯಿಯ ಬುಟ್ಟಿಗಳು ಬೇರೆ ಜಾಗವಿಲ್ಲದೆ ನನ್ನ ತೇವದ ಕೋಣೆಯಲ್ಲೇ ಇದ್ದವು. ಅತ್ತೆ ಒಂದು ಚಕ್ಕುಲಿ ಎತ್ತಿ ಮುರಿಯಲು ನೋಡಿದರು. ಅದು ಬಾಗಿತು. ಮುರಿಯಲಿಲ್ಲ!

"ಅಳಿಯಂದ್ರೆ, ಇದು ಚಕ್ಕುಲಿನೋ ರಬ್ಬರ್ ಬ್ಯಾಂಡೋ?"

ಸ್ಪಷ್ಟನೆ ನೀಡಲು ಧಾವಿಸಿದೆ. ಚಾದರ ಮುಖಕ್ಕೆ ಸುತ್ತಿಕೊಂಡಿತು. ಕಾಲು ಟಬ್ಬಿನೊಳಗೆ ಹೋಯಿತು. ಮುಂದಿನದನ್ನು ಪ್ರತ್ಯಕ್ಷದರ್ಶಿಗಳು ಬೇರೆಬೇರೆಯಾಗಿ ವಿವರಿಸುತ್ತಾರೆ. ನಾನು ನೀರಿನಲ್ಲಿ ಕೂತಿದ್ದೆ ಎಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ.

"ಮೊದ್ಲು ಅಂಗಿ ತೆಗೀರಿ, ಶೀತ ಆಗ್ತೈತೆ," ಎಂದು ಅತ್ತೆ ಟವೆಲು ಚಾಚಿದರು.

ತೆಗೆಯುತ್ತಲೇ ನನ್ನ ನಿಲುವು ಮಂಡಿಸಿದೆ. "ತಪ್ಪು ತಿಳೀಬ್ಯಾಡ್ರಿ ಅತ್ತೆ. ನಿಮ್ಮೂರಿನ ಗಾಳಿಗೆ ಹೊಟ್ಟೆ ಮ್ಯಾಲೆ ಗೆರೆ ಜಾಸ್ತಿ ಆಗ್ತವೆ. ಅದಕ್ಕೇ ಶೋಭಾ ಇಲ್ಲೇ..."

ಅತ್ತೆಯ ಕಣ್ಣು ನನ್ನ ಸೊಂಟದ ಮೇಲೆ ನಿಂತಿತ್ತು. ಮದುವೆಯಾದಂದಿನಿಂದ ಊಟದಲ್ಲಿ ನಾನು ಸಾಧಿಸಿದ ಪ್ರಗತಿ ಅಲ್ಲಿ ಎರಡೂ ಬದಿಗೆ ಬಿಳಿ ಗೆರೆಗಳಾಗಿ ಅಚ್ಚಾಗಿತ್ತು!

"ಹುಟ್ಟಿದಾಗ್ನಿಂದ ಹೊನ್ನಾಳಿ ಬಿಟ್ಟೋರಲ್ಲ ನೀವು," ಎಂದರು. "ಇವು ಯಾವೂರ ಗಾಳಿಗೆ ಬಂದ್ವು?"

"ಅವ್ವಾ, ಇವರಿಗೆ ಎಷ್ಟು ತಿಂಗ್ಳು ಕೇಳು!" ಎಂದು ಶೋಭಾ ಗೋಡೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ತಲೆ ಒರೆಸುತ್ತಾ ಮೆಲ್ಲಗೆ ಅಂದಳು, "ಒಬ್ರೇ ಇರಾಕೆ ಆಗಲ್ಲ ಅಂತ ಹೇಳಾಕೆ ಇಷ್ಟೆಲ್ಲ ಬೇಕಿತ್ತೇನ್ರಿ? ಭಾನುವಾರ ಭಾನುವಾರ ಬರ್ರಿ."

ಸಂಜೆ ಅವಳು ಹೊರಟಳು. ಕಾರಿನ ಕಿಟಕಿಯಿಂದ ಅತ್ತೆ ಹರಳೆಣ್ಣೆ ಬಾಟಲಿಯೊಂದನ್ನು ನನ್ನ ಕೈಗಿಟ್ಟರು.

"ಅವಳಿಗೆ ಮನೇಲಿ ಐತೆ. ಇದು ನಿಮ್ದು. ದಿನಾ ಹಚ್ಕೊಳ್ರಿ!"

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಬಾಟಲಿ ಹಿಡಿದ ಕೈಯನ್ನೇ ಮೇಲೆತ್ತಿ ಬೀಸುತ್ತಿದ್ದೆ. ಮುಚ್ಚಳ ಸಡಿಲವಾಗಿತ್ತು.