ಕೆಂಪು ಗೆರೆಯ ಮೇಲೆ ನಿಂತ ದೋಣಿಯ ರಕ್ಷಣೆ ಕುರಿತು

ಸಮುದ್ರವೇ ಬೇರೆ, ಮಹಾಸಾಗರವೇ ಬೇರೆ ಎಂಬುದು ನಮ್ಮ ಸರ್ಕಾರದ ಖಚಿತ ನಿಲುವು. ಮೂರು ಕಡೆ ದಡ ಇಟ್ಟುಕೊಂಡು ನೆಲಕ್ಕೆ ಒರಗಿಕೊಂಡಿರುವುದು ಸಮುದ್ರ; ಅದು ಕೆಳಗಿನ ಮಹಡಿಯಲ್ಲಿರುವ ನಮ್ಮ ಇಲಾಖೆಗೆ ಸೇರಿದ್ದು. ಯಾರ ಹಂಗೂ ಇಲ್ಲದೆ ಖಂಡದಿಂದ ಖಂಡಕ್ಕೆ ಕಾಲು ಚಾಚಿಕೊಂಡಿರುವುದು ಮಹಾಸಾಗರ. ಅದು ಮೇಲಿನ ಮಹಡಿಯವರದು. ಅವರಿಗೆ ಫ್ಯಾನುಗಳೂ ದೊಡ್ಡವು. ಎರಡರ ನೀರೂ ಒಳಗೊಳಗೇ ಕೂಡಿಕೊಂಡಿದೆ ಎಂದು ಕೆಲವರು ಗುಲ್ಲೆಬ್ಬಿಸುವುದುಂಟು. ನಕಾಶೆಯಲ್ಲಿ ನಡುವೆ ಕೆಂಪು ಗೆರೆ ಎಳೆದಿದೆ. ನೀರು ಅದನ್ನು ಗೌರವಿಸುತ್ತದೆಂದು ಎರಡೂ ಇಲಾಖೆಗಳು ನಂಬಿವೆ.

ಹೀಗಿರುವಾಗ ಒಬ್ಬ ಮೀನುಗಾರನ ದೋಣಿಯ ಎಂಜಿನ್ ಸರಿಯಾಗಿ ಆ ಗೆರೆಯ ಮೇಲೆಯೇ ಕೆಟ್ಟು ನಿಂತಿತು. ಕುಡಿಯುವ ನೀರು ಮುಗಿಯುತ್ತ ಬಂದಿದೆ, ಕಾಪಾಡಿ ಎಂದು ಆತ ವೈರ್‌ಲೆಸ್ಸಿನಲ್ಲಿ ನಮಗೆ ಮೊರೆಯಿಟ್ಟ. ಅವನ ಹೆಂಡತಿ ಓಡಿಬಂದು ನಮ್ಮ ನಿರ್ದೇಶಕರ ಮೇಜಿನ ಮುಂದೆ ನಿಂತಳು.

“ಬೇಗ ಒಂದು ದೋಣಿ ಕಳಿಸಿ ಸಾರ್. ಅವರಿಗೇನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ?”

“ಕಳಿಸೋಕೆ ನಮಗೇನು ಕಷ್ಟ ತಾಯಿ? ನಿಮ್ಮ ಯಜಮಾನ್ರು ನಮ್ಮ ನೀರಲ್ಲಿದಾರೋ ಮೇಲಿನವರ ನೀರಲ್ಲೋ, ಮೊದಲು ಅದು ತಿಳೀಬೇಕಲ್ಲ!”

“ಎಲ್ಲಾ ಒಂದೇ ನೀರಲ್ವಾ ಸಾರ್?”

ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದೆವು. ನಿರ್ದೇಶಕರು ದೊಡ್ಡ ಮನಸ್ಸಿನವರು. ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಲಿನ ಮಹಡಿಯ ನಿರ್ದೇಶಕರು ಇಳಿದು ಬಂದರು. ದೋಣಿಯ ಮೂತಿ ಸಮುದ್ರದಲ್ಲಿದೆ, ಎಂಜಿನ್ ಮಾತ್ರ ಮಹಾಸಾಗರದಲ್ಲಿದೆ ಎಂದು ತಿಳಿದಾಗ, ಎಂಜಿನನ್ನು ತಾವು ಕಾಪಾಡುವುದಾಗಿಯೂ ಮನುಷ್ಯನನ್ನು ನಾವು ನೋಡಿಕೊಳ್ಳಬೇಕೆಂದೂ ಸೂಚಿಸಿದರು. ಮನುಷ್ಯ ಎಲ್ಲಿ ಕೂತಿದ್ದಾನೆಂದು ವೈರ್‌ಲೆಸ್ಸಿನಲ್ಲಿ ವಿಚಾರಿಸಲಾಯಿತು. ನಡುವೆ, ಎಂದ. ನಡುವೆ ಕೂರಲು ಯಾರನ್ನು ಕೇಳಿದ್ದೆ ಎಂದು ಇಬ್ಬರೂ ಒಟ್ಟಿಗೇ ಗದರಿದರು. ಎರಡೂ ಇಲಾಖೆಗಳು ಒಂದೇ ದನಿಯಲ್ಲಿ ಮಾತನಾಡಿದ್ದು ಅದೇ ಮೊದಲು.

ಉಳಿದದ್ದು ಉಪ್ಪಿನ ಪರೀಕ್ಷೆ. ನಮ್ಮ ಸಮುದ್ರಕ್ಕೆ ಬಿಸಿಲು ಹೆಚ್ಚು, ಬಂದು ಸೇರುವ ನದಿಗಳು ಕಡಿಮೆ. ಹಾಗಾಗಿ ನಮ್ಮ ನೀರಿನಲ್ಲಿ ಉಪ್ಪು ಒಂದು ಕೈ ಮೇಲು. ಇದು ನಮಗೆ ಹೆಮ್ಮೆಯ ವಿಷಯ.

“ಒಂದು ಗುಟುಕು ಕುಡಿದು ಹೇಳಪ್ಪ” ಎಂದರು ನಿರ್ದೇಶಕರು.

ಆ ಕಡೆಯಿಂದ ವಾಕರಿಸುವ ಸದ್ದು ಬಂತು. “ಉಪ್ಪು ಸಾರ್.”

“ಅದು ನಮಗೂ ಗೊತ್ತು. ಯಾವ ಇಲಾಖೆಯ ಉಪ್ಪು?”

“ಗಂಟಲು ಉರೀತಿದೆ ಸಾರ್. ಎರಡೂ ಬೆರೆತ ಹಾಗಿದೆ.”

“ಹಾಗೆ ಬೆರೆಯೋಕೆ ಅವಕಾಶ ಇಲ್ಲ. ಇನ್ನೊಂದು ಗುಟುಕು ಕುಡಿ.”

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನನಗೂ ಕರುಳು ಚುರುಕ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಕರುಳಿಗೆ ಸಹಿ ಮಾಡುವ ಅಧಿಕಾರ ಇಲ್ಲ. ಕೊನೆಗೆ ಜಂಟಿ ಸಮಿತಿ ರಚನೆಯಾಯಿತು. ಸಮಿತಿ ಮಹಡಿ ಮೆಟ್ಟಿಲ ನಡುವೆ ಕುರ್ಚಿ ಹಾಕಿಕೊಂಡು ಚರ್ಚೆಗೆ ಕೂತಿತು.

ಅಷ್ಟರಲ್ಲಿ ಕಡಲಿನ ಪ್ರವಾಹವೊಂದು ಯಾರನ್ನೂ ಕೇಳದೆ ಮಹಾಸಾಗರದಿಂದ ಸಮುದ್ರಕ್ಕೆ ಹರಿದುಬಂದು, ದೋಣಿಯನ್ನು ಮೆಲ್ಲಗೆ ತಳ್ಳಿಕೊಂಡು, ನಮ್ಮ ಕಚೇರಿಯ ಕಿಟಕಿಯ ಕೆಳಗಿನ ಕಟ್ಟೆಗೆ ತಂದು ನಿಲ್ಲಿಸಿತು. ಹೆಂಡತಿ ಓಡಿಹೋಗಿ ಕೈ ಚಾಚಿದಳು. ದೋಣಿ ಮುಟ್ಟುವಂತಿಲ್ಲ ಎಂದು ಕಾವಲುಗಾರ ಪೀಪಿ ಊದಿದ.

“ನಾನು ಬಂದಾಯ್ತಲ್ಲ ಸಾರ್!” ಎಂದ ಮೀನುಗಾರ.

“ಬಂದೆ ಸರಿ. ತಂದೋರು ಯಾರು?”

“ನೀರು ಸಾರ್.”

“ನೀರಿಗೆ ಆ ಅಧಿಕಾರ ಕೊಟ್ಟೋರು ಯಾರು?”

ಸಮಿತಿ ಅಲ್ಲೇ ಪ್ರಕಟಣೆ ಹೊರಡಿಸಿತು: “ರಕ್ಷಣೆ ಕೋರಿದವರು ರಕ್ಷಣೆಯಾಗುವ ತನಕ ಅಪಾಯದಲ್ಲೇ ಇರತಕ್ಕದ್ದು. ತಾವಾಗಿಯೇ ಬದುಕಿಕೊಳ್ಳುವುದನ್ನು ಉಭಯ ಇಲಾಖೆಗಳೂ ಗಂಭೀರವಾಗಿ ಪರಿಗಣಿಸುತ್ತವೆ.” ಎಂಜಿನ್ ರಿಪೇರಿ ಮಾಡಿಸಿದರೆ ಸಾಕ್ಷ್ಯನಾಶವಾಗುತ್ತದೆಂದು ಅದಕ್ಕೂ ತಡೆ ಬಿತ್ತು. ಅನುಮತಿ ಇಲ್ಲದೆ ಇಲಾಖೆಗಳ ನಡುವೆ ಸಂಪರ್ಕ ಕಲ್ಪಿಸಿದ ಪ್ರವಾಹಕ್ಕೆ ಕಾರಣ ಕೇಳಿ ನೋಟಿಸು ಬರೆದು ನೀರಿಗೆ ಬಿಟ್ಟೆವು. ಅದು ತೇಲಿಕೊಂಡು ಸೀದಾ ಮೇಲಿನವರ ಮಹಾಸಾಗರಕ್ಕೆ ಹೋಯಿತು.

ನಂತರ ದೋಣಿಗೆ ಹಗ್ಗ ಕಟ್ಟಿ, ಮೀನುಗಾರನನ್ನು ಎಳೆದುಕೊಂಡು ಹೋಗಿ, ಕಾಪಾಡುವುದಕ್ಕೆ ಅನುಕೂಲವಾಗುವಂತೆ ಕೆಂಪು ಗೆರೆಯ ಮೇಲೆ ಮೊದಲಿದ್ದಂತೆಯೇ ಬಿಟ್ಟುಬರಲಾಯಿತು. ಒಯ್ಯುವುದಕ್ಕೆ ಆದೇಶವಿತ್ತು, ತರುವುದು ಯಾರೆಂಬುದು ಇನ್ನೂ ಸಮಿತಿಯ ಮುಂದಿತ್ತು. ಮಾರನೆಯ ದಿನ ಪ್ರವಾಹ ಮತ್ತೆ ಅವನನ್ನು ಕಟ್ಟೆಗೆ ತಂದಿತು. ನಾವು ಮತ್ತೆ ಒಯ್ದೆವು.

ಮೊದಮೊದಲು ಮೀನುಗಾರ ಕೂಗಾಡುತ್ತಿದ್ದ, ಈಗ ರೂಢಿಯಾಗಿದೆ. ಇಷ್ಟು ಅವಿರತವಾಗಿ ರಕ್ಷಣಾ ಕಾರ್ಯ ನಡೆಸಿದ್ದಕ್ಕೆ ಇಬ್ಬರು ನಿರ್ದೇಶಕರಿಗೂ ಸನ್ಮಾನವಾಯಿತು, ಹಾರ ಹಾಕುವಾಗ ಮೀನುಗಾರನೂ ದೋಣಿಯಿಂದಲೇ ಚಪ್ಪಾಳೆ ತಟ್ಟಿದ. ಅವಳ ಗಂಡನಿಗೆ ಸರ್ಕಾರಿ ಓಡಾಟ, ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಾನೆ ಎಂದು ನೆರೆಹೊರೆಯ ಹೆಂಗಸರು ಮೆಚ್ಚಿಕೊಳ್ಳುತ್ತಾರೆ. ಹೆಂಡತಿ ಕಟ್ಟೆಯ ಅಂಚಿನಲ್ಲಿ ನಿಂತು, ದೋಣಿ ಮುಟ್ಟದಂತೆ ಎಚ್ಚರವಹಿಸಿ, ಕೋಲಿನ ತುದಿಯಲ್ಲಿ ಊಟದ ಡಬ್ಬಿ ದಾಟಿಸುತ್ತಾಳೆ. ಇವತ್ತು ಆತ ಎರಡು ಮಾತು ಹೆಚ್ಚು ಆಡುತ್ತ ನಿಂತಿದ್ದಕ್ಕೆ ಅವಳೇ ಅವಸರಪಡಿಸಿದಳು.

“ಮಾತು ಸಾಕು, ಹೊರಡ್ರೀ. ಅವರು ನಿಮ್ಮನ್ನ ಕಾಪಾಡೋ ಹೊತ್ತಾಯ್ತು.”