ಬಿಂದುವಿನ ಬಲಗಡೆಯ ಸುಳ್ಳು

ದಶಾಂಶ ಬಿಂದು ಎಂದರೆ ಹೆಗಲೇರಿದ ಶನಿ. ಚೆನ್ನೈನ ಅಡ್ಯಾರಿನ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಮೂವತ್ತು ವರ್ಷ ಅದರ ಜೊತೆ ಗುದ್ದಾಡಿ ನಿವೃತ್ತನಾದರೂ ಬಿಡಲಿಲ್ಲ, ಮನೆಯವರೆಗೂ ಬಂತು.

ಲ್ಯಾಬಿನಲ್ಲಿ

ಅಳತೆಗೋಲಿಗೆ ಕಂಡಷ್ಟೇ ಅಂಕಿ ಬರೆಯಬೇಕು, ಮಿಕ್ಕದ್ದೆಲ್ಲ ಸುಳ್ಳು. ಸಾರ್ಥಕ ಅಂಕಿಗಳ ಪಾಠವೆಂದರೆ ಇಷ್ಟೇ. ಒಬ್ಬ ವಿದ್ಯಾರ್ಥಿನಿ ಮರದ ಸ್ಕೇಲಿನಲ್ಲಿ ತಂತಿಯನ್ನು ಮೂರು ಸಲ ಅಳೆದು, ಸರಾಸರಿ 23.4333333 ಸೆಂಟಿಮೀಟರ್ ಎಂದು ಬರೆದಿದ್ದಳು. ಕೆಂಪು ಪೆನ್ನಿನಿಂದ ಬಾಲ ಕತ್ತರಿಸಿ ಅರ್ಧ ಮಾರ್ಕು ಕಳೆದೆ. ಕನ್ನಡದವರ ಮನೆಯ ಹುಡುಗಿ. ಇಷ್ಟೊಂದು ಮೂರು ಯಾಕಮ್ಮ ಹಾಕಿದೆ ಎಂದು ಕನ್ನಡದಲ್ಲೇ ಕೇಳಿದೆ. ತಾನು ಹಾಕಿಲ್ಲ, ಕ್ಯಾಲ್ಕುಲೇಟರೇ ಹಾಕಿತು ಎಂದು ತಮಿಳಿನಲ್ಲಿ ಹೇಳಿದಳು.

"ಕ್ಯಾಲ್ಕುಲೇಟರ್ ದಾನ್ ಪೋಟ್ಟುಚ್ಚು, ಸಾರ್."

ಕೊಂದದ್ದು ನಾನಲ್ಲ, ಚಾಕು ಅಂದ ಹಾಗಾಯಿತು. ಇನ್ನರ್ಧ ಮಾರ್ಕೂ ಹೋಯಿತು.

ಕೋಯಂಬೇಡಿನಲ್ಲಿ

ಅತ್ತೆಯವರ ತಿಥಿಯ ಅಡುಗೆಗೆ ಕುಂಬಳಕಾಯಿ ತರಲು ಹೆಂಡತಿಯೊಡನೆ ಅಲ್ಲಿನ ಸಗಟು ತರಕಾರಿ ಮಾರುಕಟ್ಟೆಗೆ ಹೋಗಿದ್ದೆ. ವ್ಯಾಪಾರಿ ಮೂಟೆ ತೂಗಿ ಮೂವತ್ತು ಕಿಲೋ ಅಂದ. ಎಷ್ಟು ಗ್ರಾಂ ಎಂದು ಕೇಳಿದ್ದು ನನ್ನದೇ ತಪ್ಪು. ತನ್ನ ಯಂತ್ರಕ್ಕೆ ಕಿಲೋ ಮಾತ್ರ ಗೊತ್ತು, ಅದಕ್ಕೇ ಗೊತ್ತಿಲ್ಲದ್ದನ್ನು ತಾನೆಲ್ಲಿಂದ ತಂದು ಹೇಳಲಿ ಅಂದ. ಮೂವತ್ತು ವರ್ಷದಲ್ಲಿ ನಾನು ಪೂರ್ತಿ ಮಾರ್ಕು ಕೊಡಬಹುದಾಗಿದ್ದವನು ಇವನೊಬ್ಬನೇ. ತಾಯಿಯ ತಿಥಿ ಎಂಬುದನ್ನೂ ಮರೆತು ಹೆಂಡತಿ ಮನೆ ಸೇರುವವರೆಗೂ ನಕ್ಕಳು.

ಮನೆಯಲ್ಲಿ

ಈ ವರ್ಷ ಅವಳಿಗೆ ಕ್ಯಾನ್ಸರ್. ತೂಕ ನಲವತ್ತು ಕಿಲೋಗಿಂತ ಕೆಳಗಿಳಿದರೆ ಔಷಧಿ ನಿಲ್ಲಿಸಬೇಕಾಗುತ್ತದೆ ಎಂದರು ಡಾಕ್ಟರು. ಬೆಸೆಂಟ್ ನಗರದ ನಮ್ಮ ಮನೆಯಲ್ಲಿರುವುದು ಮುಳ್ಳಿನ ಯಂತ್ರ, ಕಿಲೋಗೊಂದೇ ಗೆರೆ. ದಿನಾ ಬೆಳಿಗ್ಗೆ ಅವಳನ್ನು ಮೂರು ಸಲ ಹತ್ತಿಸಿ ಇಳಿಸುತ್ತಿದ್ದೆ. ಒಂದು ದಿನ ನಲವತ್ತು, ಮತ್ತೆ ನಲವತ್ತು, ಆಮೇಲೆ ನಲವತ್ತೊಂದು ತೋರಿಸಿತು. ಸರಾಸರಿ ತೆಗೆದು 40.3333333 ಎಂದು ಪುಸ್ತಕದಲ್ಲಿ ಬರೆದೆ. ಒಂದು ಮೂರನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅಷ್ಟು ಹೆದರಿದ್ದೆ.

ಅವಳು ಪುಸ್ತಕ ನೋಡಿ, ಈ ಬಾಲ ಯಾರು ಹಾಕಿದ್ದು ಎಂದು ಕೇಳಿದಳು. ಕ್ಯಾಲ್ಕುಲೇಟರ್ ಹಾಕಿತು ಎಂದುಬಿಟ್ಟೆ.

ನನ್ನ ಹಳೇ ಕೆಂಪು ಪೆನ್ನು ಕೇಳಿ ಇಸಿದುಕೊಂಡಳು. ಮೂರುಗಳನ್ನೆಲ್ಲ ಹೊಡೆದು ಬರೀ ನಲವತ್ತು ಉಳಿಸಿದಳು. ಪಕ್ಕದಲ್ಲಿ ಅರ್ಧ ಮಾರ್ಕು ಕಳೆದಳು. ನಗಲು ಹೋಗಿ ಕೆಮ್ಮಿದಳು, ನಾನು ನೀರು ಕೊಟ್ಟೆ. ಕುಡಿದು ಹೇಳಿದಳು:

"ನಾಳೆಯಿಂದ ತೂಕಕ್ಕೆ ಕೋಯಂಬೇಡಿಗೇ ಕರ್ಕೊಂಡ್ ಹೋಗ್ರೀ. ಆ ಕುಂಬಳಕಾಯಿಯವ್ನಿಗೆ ನನ್ ಮೇಲೆ ಪ್ರೀತಿ ಇಲ್ಲ, ಸರಿಯಾಗ್ ತೂಗ್ತಾನೆ."